ಚಂದ್ರಗಿರಿಯ ಆಚೆ ಈಚೆ, ಬರಹಗಾರರ ಬಳಗ

ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಯಾವುದಾದರೊಂದು ಶಾಲೆಯ ಹಾಲ್‌ಗೆ ಹೋಗಿ ನೋಡಿ. ಬೆಂಚುಗಳನ್ನು ಗೋಡೆಗೆ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಾರೆ. ಬಂದವರು ಇಪ್ಪತ್ತೋ ಇಪ್ಪತ್ತೈದೋ ಮಂದಿ. ನಿವೃತ್ತ ಮಾಸ್ತರರು, ಅಡಿಕೆ ತೋಟದ ಕೆಲಸ ಅರ್ಧಕ್ಕೆ ಬಿಟ್ಟು ಬಂದವರು, ಬ್ಯಾಂಕಿನವರು, ಬಿ.ಎಡ್. ಓದುವ ಹುಡುಗಿಯರು. ಹೊರಗೆ ಜಗಲಿಯ ಮಾತು ತುಳುವಿನಲ್ಲಿ, ಹವ್ಯಕದಲ್ಲಿ, ಮಲಯಾಳದಲ್ಲಿ, ಕೊಂಕಣಿಯಲ್ಲಿ ನಡೆದಿರುತ್ತದೆ. ಒಳಗೆ ಬಂದು ಮೈಕಿನ ಮುಂದೆ ನಿಂತೊಡನೆ ಎಲ್ಲರದೂ ಕನ್ನಡ.

ಒಬ್ಬ ಹುಡುಗ ಕವಿತೆ ಓದುತ್ತಾನೆ. ಚಪ್ಪಾಳೆ ಬೀಳುತ್ತದೆ. ಚಾ, ಗೋಳಿಬಜೆಯ ಹೊತ್ತಿಗೆ ಹಿರಿಯರೊಬ್ಬರು ಅವನನ್ನು ಬದಿಗೆ ಕರೆದು, “ಕಡೆಯ ನಾಲ್ಕು ಸಾಲು ತೆಗಿ ಮಾರಾಯ, ಕವಿತೆ ಅದಕ್ಕೂ ಮೊದಲೇ ಮುಗಿದಿದೆ” ಎನ್ನುತ್ತಾರೆ. ಹುಡುಗನ ಮುಖ ಸಣ್ಣದಾಗುತ್ತದೆ. ಮುಂದಿನ ತಿಂಗಳು ಅದೇ ಕವಿತೆ ನಾಲ್ಕು ಸಾಲು ಕಡಿಮೆಯಾಗಿ ಯಾವುದೋ ಪತ್ರಿಕೆಯಲ್ಲಿ ಬಂದಿರುತ್ತದೆ.

ಆ ಮಧ್ಯಾಹ್ನದ ನಿಜವಾದ ಕೆಲಸ ನಡೆದದ್ದು ವೇದಿಕೆಯ ಮೇಲಲ್ಲ, ಚಾ ಕುಡಿಯುವಾಗ. ಕಾಸರಗೋಡಿನ ಕನ್ನಡ ಸಾಹಿತ್ಯ ನೂರು ವರ್ಷಗಳಿಂದ ಬಹುಮಟ್ಟಿಗೆ ಹೀಗೆ, ಬರಹಗಾರರ ಪರಸ್ಪರ ಸ್ನೇಹದ ಬಲದಲ್ಲೇ ಬೆಳೆದು ಬಂದಿದೆ. ಬೇರೆ ಊರುಗಳಲ್ಲಿ ಪ್ರಕಾಶಕರು, ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಮಾಡುವ ಎಷ್ಟೋ ಕೆಲಸವನ್ನು ಇಲ್ಲಿ ಗೆಳೆಯರು ಮಾಡಿದ್ದಾರೆ.

ಮೊದಲ ಓದುಗ ಯಾಕೆ ಬೇಕು?

ಬರೆಯುವುದು ಒಂಟಿಯಾಗಿ ಮಾಡುವ ಕೆಲಸ, ಅದರಲ್ಲಿ ಅನುಮಾನವಿಲ್ಲ. ಆದರೆ ಬರೆದವನು ತನ್ನ ಬರಹವನ್ನು ಓದುವಾಗ ಹಾಳೆಯಲ್ಲಿ ಇರುವುದನ್ನಷ್ಟೇ ಓದುವುದಿಲ್ಲ, ಮನಸ್ಸಿನಲ್ಲಿ ಇದ್ದದ್ದನ್ನೂ ಸೇರಿಸಿಕೊಂಡು ಓದುತ್ತಾನೆ. ಬಿಟ್ಟುಹೋದ ಕೊಂಡಿ ಅವನಿಗೆ ಕಾಣುವುದಿಲ್ಲ, ಹೆಚ್ಚಾದ ಮಾತು ಕೇಳಿಸುವುದಿಲ್ಲ. ಅದನ್ನು ಹೇಳಲು ಎರಡನೆಯವರೇ ಬೇಕು. ಆ ಎರಡನೆಯವರೂ ಬರೆಯುವವರಾಗಿದ್ದರೆ ಎಲ್ಲಿ ಎಡವಿದೆ ಎಂಬುದರ ಜತೆಗೆ ಯಾಕೆ ಎಡವಿತು ಎಂಬುದೂ ಗೊತ್ತಾಗುತ್ತದೆ.

ಇಂಗ್ಲಿಷ್ ಕಾವ್ಯದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಟಿ.ಎಸ್. ಎಲಿಯಟ್‌ನ ‘ದ ವೇಸ್ಟ್ ಲ್ಯಾಂಡ್’. ಅದರ ಹಸ್ತಪ್ರತಿ ಗೆಳೆಯ ಎಜ್ರಾ ಪೌಂಡ್‌ನ ಕೈಗೆ ಹೋದಾಗ ಆತ ದೊಡ್ಡ ದೊಡ್ಡ ಭಾಗಗಳನ್ನೇ ಹೊಡೆದುಹಾಕಿದ. 1922ರಲ್ಲಿ ಲೋಕ ಓದಿದ್ದು ಹಾಗೆ ಉಳಿದ ಕವಿತೆಯನ್ನು. ಎಲಿಯಟ್ ಮುಂದೆ ಕೃತಿಯನ್ನು ಪೌಂಡ್‌ಗೇ ಅರ್ಪಿಸಿದ.

ಕನ್ನಡದಲ್ಲಿ ಗೆಳೆತನವನ್ನೇ ಹೆಸರಾಗಿ ಇಟ್ಟುಕೊಂಡ ಬಳಗಗಳಿದ್ದವು. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಸೇರಿತು. ವಿಜಯಪುರದ ಕಡೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದವರು ‘ಹಲಸಂಗಿ ಗೆಳೆಯರು’ ಆದರು. ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಪದಗಳನ್ನು ಇವರು ಜತೆಗೂಡಿ ಸಂಗ್ರಹಿಸಿದ್ದರಿಂದ 1931ರಲ್ಲಿ ‘ಗರತಿಯ ಹಾಡು’ ಬಂತು. ಮನೆ ಮನೆ ತಿರುಗಬೇಕಾದ ಅಂಥ ಕೆಲಸ ಒಬ್ಬನ ಕೈಯಲ್ಲಿ ಮುಗಿಯುವಂಥದ್ದಲ್ಲ.

ಕಾಸರಗೋಡಿನವರು ಇಂಥ ಹೆಸರು ಇಟ್ಟುಕೊಂಡವರಲ್ಲ. ಆದರೆ ಬೇರೆಲ್ಲೂ ಇಲ್ಲದ ಒಂದು ಅಗತ್ಯ ಇಲ್ಲಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುವ ಹೆಚ್ಚಿನವರಿಗೆ ಪುಸ್ತಕದ ಕನ್ನಡ ಮನೆಮಾತಲ್ಲ. ಗೋವಿಂದ ಪೈಗಳ ಮನೆಯಲ್ಲಿ ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳ ಮನೆಯಲ್ಲಿ ತುಳು, ಸಾರಾ ಅಬೂಬಕ್ಕರ್ ಅವರ ಮನೆಯಲ್ಲಿ ಮಲಯಾಳ. ತುಳುವಿನಿಂದ ಬಂದ ಒಂದು ಪದ ಕವಿತೆಗೆ ಕಸುವು ಕೊಟ್ಟಿದೆಯೋ, ದೂರದ ಕಲಬುರಗಿಯ ಓದುಗನಿಗೆ ಅದು ಬರಿಯ ಅಡ್ಡಿಯೋ ಎಂದು ಬರೆದವರಿಗೆ ತಿಳಿಯುವುದು ಕಷ್ಟ. ಬೇರೆ ಮನೆಮಾತಿನ ಗೆಳೆಯ ಪಕ್ಕದಲ್ಲಿದ್ದರೆ ತಕ್ಷಣ ತಿಳಿಯುತ್ತದೆ.

ಮಂಜೇಶ್ವರದ ಮನೆ

ಈ ಪರಂಪರೆಯನ್ನು ಹಿಡಿದು ಹಿಂದಕ್ಕೆ ಹೋದರೆ ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆ ಸಿಗುತ್ತದೆ. ಅಲ್ಲಿಂದಲೂ ಹಿಂದೆ ಹೋದರೆ ಮಂಗಳೂರಿನ ಒಂದು ತರಗತಿ. ಪೈಗಳು ಮಂಗಳೂರಿನಲ್ಲಿ ಓದುವಾಗ ಅವರಿಗೆ ಕನ್ನಡದ ರುಚಿ ಹತ್ತಿಸಿದ ಗುರು ಪಂಜೆ ಮಂಗೇಶರಾಯರು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದು, ಇನ್ನೊಬ್ಬರನ್ನು ಬರೆಯಲು ಹಚ್ಚುವುದನ್ನೂ ತಮ್ಮ ಬರವಣಿಗೆಯಷ್ಟೇ ಮುಖ್ಯ ಎಂದುಕೊಂಡಿದ್ದವರು ಪಂಜೆ.

ಪೈಗಳು 1911ರಲ್ಲಿ ಪ್ರಾಸ ಬಿಟ್ಟು ಬರೆಯಲು ತೊಡಗಿದರು. ಸಾಲಿನ ಎರಡನೆಯ ಅಕ್ಷರ ಪ್ರತಿ ಸಾಲಿನಲ್ಲೂ ಹೊಂದಿ ಬರಬೇಕೆಂಬುದು ಕನ್ನಡ ಕಾವ್ಯದ ಶತಮಾನಗಳ ಕಟ್ಟು. ಅದನ್ನು ಮುರಿಯುವುದೆಂದರೆ ಪಂಡಿತರನ್ನು ಎದುರು ಹಾಕಿಕೊಂಡಂತೆ. ಮೈಸೂರು, ಧಾರವಾಡಗಳಿಂದ ದೂರದ ಒಂದು ಕರಾವಳಿಯ ಊರಿನಲ್ಲಿ ಕುಳಿತು ಅಷ್ಟು ಧೈರ್ಯ ಮಾಡಿದವರ ಬೆನ್ನಿಗೆ ಹೊಸ ಬರವಣಿಗೆಯನ್ನು ಅಚ್ಚು ಹಾಕಲು ತಯಾರಿದ್ದ ಮಂಗಳೂರಿನ ಪತ್ರಿಕೆಗಳಿದ್ದವು, ಓದಿ ಚರ್ಚಿಸುವ ವಿದ್ವಾಂಸರಿದ್ದರು.

1949ರಲ್ಲಿ ಮದ್ರಾಸ್ ಸರಕಾರ ಪೈಗಳಿಗೆ ರಾಷ್ಟ್ರಕವಿ ಗೌರವ ಕೊಟ್ಟಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇಷ್ಟಾದರೂ ಅವರು ಮಂಜೇಶ್ವರ ಬಿಟ್ಟು ಹೋಗಲಿಲ್ಲ. ಹಲವು ಭಾಷೆಗಳ ಪುಸ್ತಕಗಳು ತುಂಬಿದ್ದ ಆ ಮನೆಗೆ ಕಿರಿಯರೇ ಬಂದರು.

ಹಾಗೆ ಬಂದವರಲ್ಲಿ ಕಯ್ಯಾರ ಕಿಞ್ಞಣ್ಣ ರೈ (1915–2015) ಒಬ್ಬರು. ಇಬ್ಬರ ನಡುವೆ ಮೂವತ್ತೆರಡು ವರ್ಷದ ಅಂತರ. ಪೈಗಳು ಶ್ರೀಮಂತ ಮನೆತನದ ಸಂಶೋಧಕ, ರೈಗಳು ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜಿನಲ್ಲಿ ಕಲಿತು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಪಾಠ ಹೇಳಿದ, ಗದ್ದೆ ತೋಟದಲ್ಲೂ ದುಡಿದ ಮಾಸ್ತರರು. ಸ್ವಭಾವ, ಬರವಣಿಗೆಯ ದಾರಿ ಎರಡೂ ಬೇರೆ. ಆದರೂ ಪೈಗಳ ಬದುಕು, ಬರಹವನ್ನು ಕುರಿತು ಪುಸ್ತಕ ಬರೆದು ಮುಂದಿನವರಿಗೆ ಮುಟ್ಟಿಸಿದವರು ಕಯ್ಯಾರರು.

ಇಲ್ಲೊಂದು ವಿಷಯವನ್ನು ಗಮನಿಸಬೇಕು. ಪೈಗಳ ಸಂಶೋಧನ ಲೇಖನಗಳು ಪತ್ರಿಕೆಗಳಲ್ಲಿ ಚದುರಿ ಬಿದ್ದಿದ್ದವು. ಅವು ಒಟ್ಟಾಗಿ ಸಂಪುಟವಾಗಿ ಬಂದದ್ದು ಅವರು ತೀರಿಕೊಂಡು ಮೂರು ದಶಕಗಳ ಮೇಲೆ, 1995ರಲ್ಲಿ. ಸಂಪಾದಿಸಿದವರು ಹೆರಂಜೆ ಕೃಷ್ಣ ಭಟ್ಟ ಮತ್ತು ಮುರಳೀಧರ ಉಪಾಧ್ಯ ಹಿರಿಯಡಕ. ಪ್ರಕಟಿಸಿದ್ದು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿ ಬೆಳೆಸಿದ, ಪೈಗಳ ಹೆಸರಿನದೇ ಸಂಶೋಧನ ಕೇಂದ್ರ. ಪೈಗಳ ಪುಸ್ತಕ ಸಂಗ್ರಹಕ್ಕೂ ನೆಲೆ ಸಿಕ್ಕಿದ್ದು ಅಲ್ಲಿಯೇ. ಅಷ್ಟು ವರ್ಷಗಳ ಮೇಲೂ ಹಳೆಯ ಪತ್ರಿಕೆಗಳನ್ನು ಹುಡುಕಿ, ನಕಲು ಮಾಡಿ, ತಿದ್ದಿ ಅಚ್ಚಿಗೆ ಕಳುಹಿಸಿದ ಈ ದುಡಿಮೆ ನಡೆಯದಿದ್ದರೆ ಪೈಗಳನ್ನು ನಾವು ಇವತ್ತು ಕವಿಯೆಂದು ಮಾತ್ರ ಬಲ್ಲವರಾಗಿರುತ್ತಿದ್ದೆವು.

ಪಾರ್ತಿಸುಬ್ಬನ ಬಗ್ಗೆ ವಾದ

ಸ್ನೇಹ ಎಂದರೆ ಒಪ್ಪಿಗೆ ಎಂದೇನೂ ಇಲ್ಲ. ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ಬರೆದವನು ಕುಂಬಳೆಯ ಪಾರ್ತಿಸುಬ್ಬ ಎಂಬುದು ಈ ಸೀಮೆಯ ನಂಬಿಕೆ. ಮುಳಿಯ ತಿಮ್ಮಪ್ಪಯ್ಯನವರು ಇದನ್ನು ಎತ್ತಿಹಿಡಿದು ಬರೆದರು. ಶಿವರಾಮ ಕಾರಂತರು ಒಪ್ಪಲಿಲ್ಲ, ಪ್ರಸಂಗಗಳ ಕರ್ತೃ ಬೇರೆ ಎಂದರು. ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪ್ರಸಂಗಗಳನ್ನು ಸಂಪಾದಿಸಿ, ಕಾರಂತರ ವಾದಕ್ಕೆ ಉತ್ತರ ಕೊಟ್ಟರು.

ವಾದದಲ್ಲಿ ಗೆದ್ದವರು ಯಾರು ಎಂಬುದಕ್ಕಿಂತ, ವಾದದಿಂದ ನಮಗೆ ದೊರೆತದ್ದು ಏನು ಎಂಬುದು ನನಗೆ ಮುಖ್ಯ. ಒಬ್ಬರು ಒಂದು ಆಧಾರ ತೋರಿಸಿದರೆ ಇನ್ನೊಬ್ಬರು ಓಲೆಗರಿಯ ಮತ್ತೊಂದು ಪ್ರತಿಯನ್ನು ಹುಡುಕಿ ಹೊರಟರು. ಛಂದಸ್ಸು, ರಾಗ, ಊರು ಕೇರಿಯ ಹೆಸರು, ದೇವರ ಸ್ತುತಿ, ಎಲ್ಲವೂ ಪರಿಶೀಲನೆಗೆ ಬಂದವು. ಎದುರಾಳಿ ಇಲ್ಲದಿದ್ದರೆ ಇಷ್ಟು ಸಾಮಗ್ರಿ ಯಾರೂ ಕಲೆಹಾಕುತ್ತಿರಲಿಲ್ಲ. ತಾವು ಗೌರವಿಸುವ ವಿದ್ವಾಂಸ ಎದುರಿಗಿದ್ದಾನೆ, ಸಡಿಲು ಮಾತು ಆಡಿದರೆ ಹಿಡಿಯುತ್ತಾನೆ ಎಂಬ ಎಚ್ಚರವೇ ಆ ಬರವಣಿಗೆಯನ್ನು ಗಟ್ಟಿ ಮಾಡಿತು.

ತಾಳಮದ್ದಳೆ ಎಂಬ ಪಾಠಶಾಲೆ

ವಾದವನ್ನು ಹೀಗೆ ಆನಂದದಿಂದ ಸಹಿಸುವ ಗುಣ ಇಲ್ಲಿಯವರಿಗೆ ಬಂದದ್ದರಲ್ಲಿ ತಾಳಮದ್ದಳೆಗೆ ದೊಡ್ಡ ಪಾಲಿದೆ ಎಂದು ನನ್ನ ನಂಬಿಕೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಚೆಂಡೆ, ಮದ್ದಳೆ ನಿಂತ ಮೇಲೆ ಅರ್ಥಧಾರಿ ಆ ಪದದ ಎಳೆ ಹಿಡಿದು ಪಾತ್ರವಾಗಿ ಮಾತಾಡುತ್ತಾನೆ. ಮಾತು ಮೊದಲೇ ಬರೆದದ್ದಲ್ಲ, ಆ ರಾತ್ರಿ ಆ ಕ್ಷಣ ಹುಟ್ಟಿದ್ದು.

ಕೃಷ್ಣ ಏನು ಹೇಳುತ್ತಾನೆಂದು ಕೌರವನಿಗೆ ಗೊತ್ತಿಲ್ಲ. ವಾಲಿ ಎತ್ತುವ ಪ್ರಶ್ನೆ ರಾಮನಿಗೆ ಮುಂಚೆ ತಿಳಿದಿಲ್ಲ. ಎದುರಿನವರು ಚೆನ್ನಾಗಿ ಕೇಳಿದರೆ ಮಾತ್ರ ಇವರು ಚೆನ್ನಾಗಿ ಉತ್ತರಿಸಬಲ್ಲರು. ಎದುರಿನವರ ಬಾಯಿ ಕಟ್ಟಿಸಿಬಿಟ್ಟರೆ ಕೂಟವೇ ಕೆಡುತ್ತದೆ. ವಾದದಲ್ಲಿ ಮೇಲುಗೈ ಆಗಬೇಕು, ಆದರೆ ಇದಿರು ಅರ್ಥಧಾರಿಗೆ ಮತ್ತೆ ಮೇಲೇಳಲು ಜಾಗವನ್ನೂ ಬಿಡಬೇಕು. ಇಬ್ಬರು ಸೇರಿ ಒಂದು ಕೃತಿ ಕಟ್ಟುವುದು ಎಂದರೆ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಮಾದರಿ ಭಾರತದ ಬೇರೆ ಯಾವ ಕಲೆಯಲ್ಲೂ ನಾನು ಕಂಡಿಲ್ಲ.

ಈ ನೆಲದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಂಥ ಕೂಟಗಳ ದೊರೆಯಾಗಿದ್ದರು. ಶೇಣಿ ಮತ್ತು ಮಲ್ಪೆ ಶಂಕರನಾರಾಯಣ ಸಾಮಗರು ಎದುರುಬದುರು ಕುಳಿತ ರಾತ್ರಿಗಳ ಬಗ್ಗೆ ಹಳೆಯ ಪ್ರೇಕ್ಷಕರು ಇಂದಿಗೂ ಗಂಟೆಗಟ್ಟಲೆ ಹೇಳುತ್ತಾರೆ. ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಭಟ್ಟರು, ಎಲ್ಲರ ಬಾಯಲ್ಲಿ ಕೀರಿಕ್ಕಾಡು ಮಾಸ್ತರರು, ಊರಿನವರನ್ನು ಕೂಡಿಸಿಕೊಂಡು ಯಕ್ಷಗಾನ ಕಲಾ ಸಂಘ ಕಟ್ಟಿ ಅರ್ಥಗಾರಿಕೆ ಕಲಿಸಿದರು. ಅವರ ಮಗ, ವೈದ್ಯ ರಮಾನಂದ ಬನಾರಿ, ಮುಂದೆ ಕವಿಯಾಗಿಯೂ ಅರ್ಥಧಾರಿಯಾಗಿಯೂ ಹೆಸರಾದರು. ಮಾತಿನ ಕೂಟದಿಂದ ಬರಹದ ಬಳಗಕ್ಕೆ ಹೋಗುವ ದಾರಿ ಇಲ್ಲಿ ಅಷ್ಟು ಹತ್ತಿರ.

1956ರ ಗೆರೆ

1948ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಾಸರಗೋಡಿನಲ್ಲೇ ನಡೆಯಿತು, ತಿ.ತಾ. ಶರ್ಮರ ಅಧ್ಯಕ್ಷತೆಯಲ್ಲಿ. ಆಗ ಇದು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಎಂಟು ವರ್ಷ ಕಳೆದು 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದರೂ ಅದು ಜಾರಿಗೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಬರಹಗಾರನ ಕಣ್ಣಿನಿಂದ ನೋಡಿದರೆ ಆದದ್ದು ಇಷ್ಟು: ಬರೆಯುವವರು ಒಂದು ರಾಜ್ಯದಲ್ಲಿ, ಅಚ್ಚು ಹಾಕುವವರೂ ಕೊಂಡು ಓದುವವರೂ ಇನ್ನೊಂದು ರಾಜ್ಯದಲ್ಲಿ. ಬೆಂಗಳೂರಿನ ಆಯ್ಕೆ ಸಮಿತಿಗಳಿಗೆ ಇವರು ಹೊರನಾಡಿನವರು, ತಿರುವನಂತಪುರಕ್ಕೆ ಅಲ್ಪಸಂಖ್ಯಾತರು. ಏಕೀಕರಣಕ್ಕಾಗಿ ಕೊನೆಯವರೆಗೂ ದನಿ ಎತ್ತಿದ ಕಯ್ಯಾರರು 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಗಡಿಯಾಚೆಯ ಈ ಬಳಗಕ್ಕೆಲ್ಲ ಮನ್ನಣೆ ಸಿಕ್ಕಿದಂತಾಯಿತು.

ಇಂಥ ಕಡೆ ಗೆಳೆತನದ ಕೆಲಸ ಬಹಳ ವ್ಯಾವಹಾರಿಕವಾದದ್ದು. ಮಂಗಳೂರಿಗೆ ಹೋಗುವವರು ಹಸ್ತಪ್ರತಿ ಒಯ್ಯುತ್ತಾರೆ, ಬರುವವರು ಹೊಸ ಪುಸ್ತಕ ತರುತ್ತಾರೆ. ಕರಡು ತಿದ್ದುವವರು, ಮುಖಪುಟ ಬರೆಯುವವರು, ಬಿಡುಗಡೆಯ ದಿನ ಇಪ್ಪತ್ತು ಪ್ರತಿ ಮಾರಿಕೊಡುವವರು, ಎಲ್ಲರೂ ಬಳಗದವರೇ. ಒಬ್ಬರ ಹೆಸರು ಪತ್ರಿಕೆಯ ಸಂಪಾದಕರಿಗೆ ಪರಿಚಯವಾದರೆ ಅವರು ಇನ್ನಿಬ್ಬರ ಹೆಸರು ಹೇಳುತ್ತಾರೆ.

ಗಡಿ ಬಿದ್ದ ನಂತರದ ತಲೆಮಾರಿನಲ್ಲೇ ಇಲ್ಲಿ ನವ್ಯದ ಹುರುಪು ಕಾಣಿಸಿತು. ಕಾರಡ್ಕದ ಕೆ.ವಿ. ತಿರುಮಲೇಶ್, ಎಂ. ಗಂಗಾಧರ ಭಟ್ಟ, ವೇಣುಗೋಪಾಲ ಕಾಸರಗೋಡು ಕವಿತೆಯಲ್ಲಿ, ಎಂ. ವ್ಯಾಸ ಕತೆಯಲ್ಲಿ ಹೊಸ ದನಿ ತಂದರು. ಸಣ್ಣ ಊರಿನ ಸುತ್ತಮುತ್ತ ಇಷ್ಟು ಮಂದಿ ಒಂದೇ ಕಾಲದಲ್ಲಿ ಗಂಭೀರವಾಗಿ ಬರೆದದ್ದು ಆಕಸ್ಮಿಕವೆಂದು ನನಗನಿಸುವುದಿಲ್ಲ. ಒಬ್ಬ ಹೊಸದೇನೋ ಬರೆದರೆ ಹತ್ತು ಮೈಲಿ ದೂರದ ಇನ್ನೊಬ್ಬನಿಗೆ ಸುಮ್ಮನಿರಲಾಗುವುದಿಲ್ಲ. ತಿರುಮಲೇಶ್ ಮುಂದೆ ಹೈದರಾಬಾದಿಗೆ ಹೋದರು, ಯೆಮೆನ್‌ನಲ್ಲಿ ಪಾಠ ಮಾಡಿದರು, 2015ರಲ್ಲಿ ‘ಅಕ್ಷಯ ಕಾವ್ಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅವರ ಹೆಸರಿನ ಜತೆ ಊರಿನ ಬಳಗದ ಹೆಸರುಗಳನ್ನೂ ಓದುವುದು ನ್ಯಾಯ.

ಹೊಳೆ ದಾಟಿದ ಕೃತಿಗಳು

ಗಡಿ ನೋವು ಕೊಟ್ಟಿತು, ನಿಜ. ಆದರೆ ಮಲಯಾಳದ ಬರಹಗಾರರು ಪಕ್ಕದ ಮನೆಯವರೇ ಆಗಿರುವುದು ಕಾಸರಗೋಡಿನವರಿಗೆ ದೊರೆತ ಭಾಗ್ಯ. ತಳಂಗರೆಯ ಟಿ. ಉಬೈದ್ (1908–1972) ಮಾಪ್ಪಿಳ ಕಾವ್ಯದ ದೊಡ್ಡ ಹೆಸರು. ಕನ್ನಡ ಶಾಲೆಯಲ್ಲಿ ಕಲಿತ ಅವರು ಎರಡೂ ಭಾಷೆಗಳ ನಡುವೆ ಅನುವಾದ ಮಾಡಿದರು. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಿ ಎಂದು ಹಾಡಿದ ಕಯ್ಯಾರರೇ ಮಲಯಾಳದ ಕುಮಾರನ್ ಆಶಾನ್ ಅವರ ಖಂಡಕಾವ್ಯಗಳನ್ನೂ ಮಲಯಾಳ ಸಾಹಿತ್ಯದ ಚರಿತ್ರೆಯನ್ನೂ ಕನ್ನಡಕ್ಕೆ ತಂದರು. ಗಡಿಯ ಬಗೆಗಿನ ಹೋರಾಟಕ್ಕೂ ಇನ್ನೊಂದು ಭಾಷೆಯ ಪ್ರೀತಿಗೂ ಅವರಲ್ಲಿ ವಿರೋಧವೇ ಇರಲಿಲ್ಲ. ಈ ಕಾಲದವರು ಇದನ್ನು ಮತ್ತೆ ಮತ್ತೆ ನೆನೆಯಬೇಕು.

ಇನ್ನೊಂದು ಉದಾಹರಣೆ ಜಿಲ್ಲೆಯ ದಕ್ಷಿಣ ತುದಿಯದು. ಕನ್ನಡದ ಕಾದಂಬರಿಕಾರ ನಿರಂಜನ ಹುಡುಗನಾಗಿದ್ದಾಗ ನೀಲೇಶ್ವರದ ರಾಜಾಸ್ ಹೈಸ್ಕೂಲಿನಲ್ಲಿ ಓದಿದವರು. ಹತ್ತಿರದ ಕಯ್ಯೂರಿನಲ್ಲಿ 1941ರ ಮಾರ್ಚಿನಲ್ಲಿ ರೈತ ಚಳವಳಿಯ ನಡುವೆ ಒಬ್ಬ ಪೊಲೀಸ್ ಸತ್ತ. ಆ ಪ್ರಕರಣದಲ್ಲಿ 1943ರ ಮಾರ್ಚ್ 29ರಂದು ನಾಲ್ವರು ರೈತ ಯುವಕರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ನಿರಂಜನರು ಅದನ್ನು 1955ರಲ್ಲಿ ‘ಚಿರಸ್ಮರಣೆ’ಯಾಗಿ ಕನ್ನಡದಲ್ಲಿ ಬರೆದರು. ಸಿ. ರಾಘವನ್ ಅದನ್ನು ಮಲಯಾಳಕ್ಕೆ ಅನುವಾದಿಸಿದರು. ಹೀಗೆ ಕಯ್ಯೂರಿನ ಕತೆ ಕನ್ನಡದ ಮೂಲಕ ಸುತ್ತಿ ಬಂದು ಕಯ್ಯೂರಿನವರ ಕೈಸೇರಿತು.

ಸಾರಾ ಅವರಿಗೆ ಸಿಕ್ಕಿದ ಬಳಗ

ಶಾಲೆಯ ಹಾಲಿನ ಭಾನುವಾರದ ಕೂಟಕ್ಕೆ ಬರಲು ಹೆಂಗಸರಿಗೆ ಎಲ್ಲ ಕಾಲದಲ್ಲೂ ಸಾಧ್ಯವಿತ್ತೇ? ಇರಲಿಲ್ಲ. ಗಂಡಸರು ರಾತ್ರಿಯಿಡೀ ತಾಳಮದ್ದಳೆಯಲ್ಲಿ ಕುಳಿತು ಬೆಳೆದಂತೆ, ಹಿರಿಯ ಕವಿಯ ಮನೆಗೆ ಹೋಗಿ ಚರ್ಚಿಸಿದಂತೆ ಹೆಣ್ಣುಮಕ್ಕಳು ಬೆಳೆಯಲು ಆಗುತ್ತಿರಲಿಲ್ಲ. ಗೆಳೆತನದ ಲಾಭಗಳನ್ನು ಪಟ್ಟಿ ಮಾಡುವ ಮೊದಲು ಅದು ಯಾರಿಗೆ ಸಿಕ್ಕಿರಲಿಲ್ಲ ಎಂದು ಕೇಳಿಕೊಳ್ಳಲೇಬೇಕು.

ಸಾರಾ ಅಬೂಬಕ್ಕರ್ (1936–2023) ಚಂದ್ರಗಿರಿಯ ದಡದಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಕಲಿತವರು. ಬರೆಯಲು ತೊಡಗಿದಾಗ ಅವರಿಗೆ ನಲವತ್ತು ದಾಟಿತ್ತು. 1980ರಲ್ಲಿ ಹುಟ್ಟಿದ ‘ಲಂಕೇಶ್ ಪತ್ರಿಕೆ’ ಅವರ ಲೇಖನವನ್ನು ಪ್ರಕಟಿಸಿತು, ಆಮೇಲೆ ‘ಚಂದ್ರಗಿರಿಯ ತೀರದಲ್ಲಿ’ ಅಲ್ಲೇ ಧಾರಾವಾಹಿಯಾಗಿ ಬಂತು. ತಲಾಖ್ ಹೇಳಿಸಿಕೊಂಡ ನಾದಿರಾ ಎಂ‌ಬ ಹೆಣ್ಣಿನ ಕತೆಯನ್ನು ಮುಸ್ಲಿಂ ಸಮಾಜದ ಒಳಗಿನಿಂದ ಹೇಳುವ ಧೈರ್ಯಕ್ಕೆ ಜತೆ ನಿಲ್ಲುವ ಸಂಪಾದಕ ಬೇಕಿತ್ತು. ಸ್ವತಃ ಕತೆಗಾರನಾದ ಲಂಕೇಶರಿಗೆ ಆ ದನಿಯ ಬೆಲೆ ಗೊತ್ತಾಯಿತು.

ಸಾರಾ ಅಲ್ಲಿಗೇ ನಿಲ್ಲಲಿಲ್ಲ. ಮಂಗಳೂರಿನ ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘಕ್ಕೆ 1990ರಿಂದ 1994ರವರೆಗೆ ಅಧ್ಯಕ್ಷರಾಗಿ ದುಡಿದರು. ಬರೆಯುವ ಹೆಂಗಸರ ಜತೆ ಓದುವ ಹೆಂಗಸರನ್ನೂ ಸಮಾನ ಸದಸ್ಯರನ್ನಾಗಿ ಕೂಡಿಸಿಕೊಂಡ ಸಂಘ ಅದು. ಇವತ್ತಿನ ಓದುಗಿ ನಾಳಿನ ಲೇಖಕಿ ಎಂಬ ನಂಬಿಕೆಯಿಂದ ಕಟ್ಟಿದ್ದು. ತಮ್ಮದೇ ಚಂದ್ರಗಿರಿ ಪ್ರಕಾಶನವನ್ನೂ ನಡೆಸಿದ ಸಾರಾ, ಕಮಲಾದಾಸ್, ಬಿ.ಎಂ. ಸುಹರಾ ಅವರಂಥ ಲೇಖಕಿಯರನ್ನು ಮಲಯಾಳದಿಂದ ಕನ್ನಡಕ್ಕೆ ತಂದರು.

ಹೊಗಳಿಕೆಯ ಅಪಾಯ

ಬಳಗ ಸಣ್ಣದಾದಷ್ಟೂ ಒಂದು ಅಪಾಯ ಹೆಚ್ಚು. ಎಲ್ಲರೂ ಎಲ್ಲರಿಗೂ ಮುನ್ನುಡಿ ಬರೆಯುತ್ತಾರೆ, ಶಾಲು ಹೊದೆಸುತ್ತಾರೆ, ಯಾರೂ ಯಾರ ಕವಿತೆಯನ್ನೂ ತಿದ್ದುವುದಿಲ್ಲ. ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ನೆಪ ಸಿಗುತ್ತದೆ: ಇಷ್ಟು ಕಷ್ಟದಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದಾರಲ್ಲ, ಟೀಕಿಸುವುದು ಹೇಗೆ ಎಂಬ ಕರುಣೆ. ಈ ಕರುಣೆ ಬರಹಗಾರನನ್ನು ಕೆಡಿಸುತ್ತದೆ. ಭಾಷೆ ಉಳಿಸಿದ್ದಕ್ಕಾಗಿ ಮೆಚ್ಚಿಸಿಕೊಂಡ ಕವಿತೆಯನ್ನು ಭಾಷೆಯೇ ಉಳಿಸಿಕೊಳ್ಳುವುದಿಲ್ಲ. ವಾಟ್ಸ್‌ಆ್ಯಪ್ ಗುಂಪುಗಳು ಬಂದ ಮೇಲಂತೂ ಬೆಳಗ್ಗೆ ಹಾಕಿದ ಕವಿತೆಗೆ ಹತ್ತು ಗಂಟೆಯೊಳಗೆ ನಲವತ್ತು ಕೈಮುಗಿದ ಚಿತ್ರಗಳು ಬೀಳುತ್ತವೆ. ಕಡೆಯ ನಾಲ್ಕು ಸಾಲು ತೆಗಿ ಎನ್ನಲು ಎದುರಿಗೇ ಕುಳಿತಿರಬೇಕು, ಹೇಳುವ ಸಲಿಗೆ ಇರಬೇಕು, ಕೇಳಿದವನಿಗೆ ನಂಬಿಕೆ ಇರಬೇಕು.

ಈಗ ಆಗಬೇಕಾದ್ದು

ಮಂಜೇಶ್ವರದ ಪೈಗಳ ಮನೆ ಈಗ ‘ಗಿಳಿವಿಂಡು’ ಹೆಸರಿನ ಸ್ಮಾರಕವಾಗಿದೆ. ಕರ್ನಾಟಕ, ಕೇರಳ ಎರಡೂ ಕೈಜೋಡಿಸಿದ ಕೆಲಸವದು. ಕುಂಟಾರಿನ ಮೋಹನ ಕುಂಟಾರ್ ಮಲಯಾಳದಿಂದ ಕನ್ನಡಕ್ಕೆ, ಕಾಸರಗೋಡಿನ ಕೆ.ವಿ. ಕುಮಾರನ್ ಕನ್ನಡದಿಂದ ಮಲಯಾಳಕ್ಕೆ ಪುಸ್ತಕಗಳನ್ನು ದಾಟಿಸುತ್ತ ಬಂದಿದ್ದಾರೆ. ಭೈರಪ್ಪನವರ ‘ಯಾನ’ ಮಲಯಾಳಿಗಳಿಗೆ ಸಿಕ್ಕಿದ್ದು ಕುಮಾರನ್ ಅವರಿಂದ.

ಆದರೆ ಎರಡೂ ಲಿಪಿ ಸರಾಗವಾಗಿ ಓದಬಲ್ಲ ಹುಡುಗರು ಕಡಿಮೆಯಾಗುತ್ತಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಮಲಯಾಳ ಮಾತು ಬರುತ್ತದೆ, ಸಾಹಿತ್ಯ ಓದುವಷ್ಟು ಅಕ್ಷರ ಒಗ್ಗಿರುವುದಿಲ್ಲ. ಮಲಯಾಳ ಮಾಧ್ಯಮದವರ ಕತೆ ಇದಕ್ಕೆ ತಿರುಗುಮುರುಗು. ಇಂಥ ಇಬ್ಬರು ಜೋಡಿಯಾಗಿ ಕುಳಿತು, ಒಬ್ಬರು ಓದಿ ಹೇಳಿ ಇನ್ನೊಬ್ಬರು ಬರೆದರೆ ಒಂದು ಕತೆಯ ಅನುವಾದ ಆಗುತ್ತದೆ. ಕಾಲೇಜುಗಳಲ್ಲಿ ಕನ್ನಡ ಮತ್ತು ಮಲಯಾಳ ತರಗತಿಗಳು ಒಂದೇ ಕಟ್ಟಡದಲ್ಲಿ ನಡೆಯುವ ಜಿಲ್ಲೆಯಿದು, ಇದಕ್ಕೆ ಅನುದಾನವೇನೂ ಬೇಕಾಗಿಲ್ಲ.

ಇನ್ನೊಂದು ಕೆಲಸಕ್ಕೆ ಅವಸರವಿದೆ. ತೀರಿಹೋದ ಬರಹಗಾರರ ಮನೆಗಳ ಅಟ್ಟದಲ್ಲಿ, ಟ್ರಂಕುಗಳಲ್ಲಿ ಅವರು ಪರಸ್ಪರ ಬರೆದ ಕಾಗದಗಳಿವೆ. ಇನ್‌ಲ್ಯಾಂಡ್ ಲೆಟರ್‌ಗಳು, ಪೋಸ್ಟ್‌ಕಾರ್ಡ್‌ಗಳು, ಅಂಚಿನಲ್ಲಿ ತಿದ್ದಿದ ಹಸ್ತಪ್ರತಿಗಳು. ಕರಾವಳಿಯ ಮಳೆಗಾಲದ ತೇವಕ್ಕೆ, ಒರಲೆಗೆ ಕಾಗದ ಬಹಳ ವರ್ಷ ತಾಳುವುದಿಲ್ಲ. ಈಗಿನ ಫೋನುಗಳಲ್ಲೇ ಒಳ್ಳೆಯ ಪ್ರತಿ ತೆಗೆಯಬಹುದು. ಕನ್ನಡ ಎಂ.ಎ. ವಿದ್ಯಾರ್ಥಿಗಳು ತಲೆಗೊಂದು ಮನೆಯಂತೆ ಹಂಚಿಕೊಂಡು, ಮನೆಯವರ ಒಪ್ಪಿಗೆ ಪಡೆದು, ಬರುವ ಮಳೆಗಾಲಕ್ಕೆ ಮುಂಚೆ ಶುರು ಮಾಡಬಹುದು.